ಕಾವೇರಿಯಲ್ಲಿ ಮೀನಿದೆ, ಆ ಮೀನಿಲ್ಲ

ತುಲಾ ಸಂಕ್ರಮಣ ಮುಗಿದು ಕಾವೇರಿಯ ಕೆಂಪು ನೀರು ತಿಳಿಯಾಗುವ ಹೊತ್ತಿಗೆ ಕೊಡಗಿನ ಹೋಂಸ್ಟೇಗಳಿಗೆ ಗಾಳದ ಕೋಲು ಹೊತ್ತವರು ಬರತೊಡಗುತ್ತಾರೆ. ಅವರಲ್ಲಿ ಕೆಲವರಾದರೂ ಕೇಳುವ ಪ್ರಶ್ನೆ: ಇಲ್ಲಿ ಟ್ರೌಟ್ ಸಿಗುತ್ತದೆಯೇ? ಭಾರತದ ಸ್ಕಾಟ್ಲೆಂಡ್ ಎಂದು ಓದಿಕೊಂಡು ಬಂದವರು ಸ್ಕಾಟ್ಲೆಂಡಿನ ಮೀನನ್ನು ಕೇಳುವುದು ಸಹಜವೇ.

ಟ್ರೌಟ್ ತಣ್ಣೀರಿನ ಮೀನು. ನೀರಿನ ಉಷ್ಣತೆ 20 ಡಿಗ್ರಿ ದಾಟಿದರೆ ಬಳಲುತ್ತದೆ, 25ರ ಆಚೆ ಉಳಿಯುವುದೇ ಕಷ್ಟ. ಪಕ್ಕದ ನೀಲಗಿರಿಗೆ ಅದನ್ನು ತರಲು ಮೀನು ವಿಜ್ಞಾನಿ ಫ್ರಾನ್ಸಿಸ್ ಡೇ 1860ರ ದಶಕದಲ್ಲೇ ಪ್ರಯತ್ನಿಸಿದ್ದರು. ಅದು ಕೈಗೂಡಿದ್ದು 1907ರಲ್ಲಿ, ಎಚ್.ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ತೆರೆದ ಮೇಲೆ. ಆ ಜಾಗ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ನಮ್ಮ ತಡಿಯಂಡಮೋಳ್ ಶಿಖರದ ತುದಿಯೇ 1,748 ಮೀಟರ್. ಕಾವೇರಿಯಂತೂ ಭಾಗಮಂಡಲ ಮುಟ್ಟುವಷ್ಟರಲ್ಲಿ 900ರ ಆಸುಪಾಸಿಗೆ ಇಳಿದಿರುತ್ತಾಳೆ. ಈ ನೀರು ಟ್ರೌಟಿಗೆ ಹೇಳಿದ್ದಲ್ಲ.

ಇದು ಮಹಶೀರ್ ನೀರು. ಕಾವೇರಿ ದಂಡೆಯ ಜನ ಬಿಳಿ ಮೀನು ಎಂದು ಕರೆಯುವ, ಅಂಗೈಯಗಲದ ಹುರುಪೆಯ ದೊಡ್ಡ ಮೀನು. ಕಾವೇರಿ ಕಣಿವೆಯಲ್ಲಿ 1919ರಲ್ಲಿ 119 ಪೌಂಡಿನದು, 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರ ಗಾಳಕ್ಕೆ 120 ಪೌಂಡಿನದು ಸಿಕ್ಕಿದ ದಾಖಲೆಯಿದೆ. ನೂರಿಪ್ಪತ್ತು ಪೌಂಡು ಎಂದರೆ 54 ಕಿಲೋ, ಒಬ್ಬ ಆಳಿನ ತೂಕ. ಅದೂ ರಾಗಿ ಹಿಟ್ಟಿನ ಉಂಡೆಗೆ ಬಾಯಿ ಹಾಕುವ ಮೀನು!

ಇಷ್ಟು ಹೆಸರಾದ ಈ ಮೀನಿಗೆ 2018ರ ತನಕ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ತಲೆಯ ಹಿಂದೆ ಗೂನು ಎದ್ದ, ಕಿತ್ತಳೆ ಛಾಯೆಯ ರೆಕ್ಕೆಗಳ ಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಕಾವೇರಿ ಕಣಿವೆಗೇ ಸೇರಿದ ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಚಿಕ್ಕ ಮೀನುಗಳನ್ನು ನೋಡಿ 2007ರಲ್ಲಿ ಟಾರ್ ರೆಮಾದೇವಿ ಎಂಬ ಹೊಸ ಪ್ರಭೇದವನ್ನು ಹೆಸರಿಸಲಾಗಿತ್ತು. ಪ್ರಾಣಿ ಸರ್ವೇಕ್ಷಣಾಲಯದ ವಿಜ್ಞಾನಿ ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರು. ಕಾವೇರಿಯ ಗೂನುಬೆನ್ನಿನ ದೈತ್ಯನೂ ಇದೇ ಎಂದು ಗೊತ್ತಾದದ್ದು 2018ರಲ್ಲಿ. ಹೆಸರು ಸಿಕ್ಕ ವರ್ಷವೇ, ಅಳಿವಿನ ಅಂಚಿನ ಜೀವಿಗಳ ಲೆಕ್ಕವಿಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ 'ತೀವ್ರ ಅಪಾಯದಲ್ಲಿರುವ' ಜೀವಿಗಳ ಸಾಲಿಗೆ ಸೇರಿತು.

ಈ ಸ್ಥಿತಿ ಬಂದದ್ದು ಹೇಗೆ? ಅಣೆಕಟ್ಟುಗಳು ಒಂದು ಕಾರಣ. ಮಳೆ ಬಿದ್ದೊಡನೆ ಮೊಟ್ಟೆಯಿಡಲು ಹೊಳೆ ಹತ್ತುವ ಮೀನಿಗೆ ಕನ್ನಂಬಾಡಿ, ಹಾರಂಗಿಗಳ ಗೋಡೆ ದಾಟಲಾಗದು. ತೋಟೆ ಹಾಕಿ ಮೀನು ಹಿಡಿಯುವವರು ಇನ್ನೊಂದು. ಒಂದು ಸಿಡಿತಕ್ಕೆ ಮಡುವಿನ ಮರಿಗಳೆಲ್ಲ ಹೋಗುತ್ತವೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಮೂರನೆಯದು, ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ.

1970ರ ದಶಕದ ಹೊತ್ತಿಗೆ ಕಾವೇರಿಯ ಮಹಶೀರ್ ಮುಗಿದೇ ಹೋಯಿತೆಂಬ ಆತಂಕವಿತ್ತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ಪವರ್ ಕಂಪನಿ ಮಹಶೀರ್ ಮರಿ ಮಾಡತೊಡಗಿದಾಗ ಎಲ್ಲರಿಗೂ ಸಮಾಧಾನವಾಯಿತು. ಅಲ್ಲಿಂದ ಮರಿಗಳು ಕಾವೇರಿಗೂ ಬಂದವು. ಆದರೆ ಅವು ಟಾರ್ ಖುದ್ರಿ, ನೀಲಿ ರೆಕ್ಕೆಯ ಮಹಶೀರ್, ಕೃಷ್ಣಾ ಕಣಿವೆಯ ಮೀನು. ಹೊಸ ನೀರಿಗೆ ಅದು ಬೇಗ ಒಗ್ಗಿತು. ಗಾಳಕ್ಕೆ ಮೀನು ಹೆಚ್ಚೆಚ್ಚು ಬೀಳತೊಡಗಿ, ಮಹಶೀರ್ ಉಳಿಯಿತು ಎಂದು ಎಲ್ಲರೂ ನಂಬಿದೆವು. 1998ರಿಂದ 2012ರವರೆಗೆ ಕಾವೇರಿಯ ಒಂದು ಶಿಬಿರದಲ್ಲಿ ಗಾಳದವರು ಬರೆದಿಟ್ಟ ಪುಸ್ತಕಗಳನ್ನು ಸಂಶೋಧಕರು ತೆರೆದು ನೋಡಿದಾಗ ನಿಜ ಹೊರಬಿತ್ತು: ಏರುತ್ತಿದ್ದದ್ದು ನೀಲಿ ರೆಕ್ಕೆಯ ಲೆಕ್ಕ, ಗೂನುಬೆನ್ನಿನದು ಕುಸಿಯುತ್ತಲೇ ಇತ್ತು. ಎರಡನ್ನೂ ಮಹಶೀರ್ ಎಂಬ ಒಂದೇ ಹೆಸರಿನಲ್ಲಿ ಎಣಿಸಿದ್ದರಿಂದ ನಷ್ಟ ಕಣ್ಣಿಗೆ ಬೀಳಲಿಲ್ಲ. ಆ ಪುಸ್ತಕಗಳು ಇರದಿದ್ದರೆ ಇವತ್ತಿಗೂ ಬೀಳುತ್ತಿರಲಿಲ್ಲ.

ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ವಾಲ್ನೂರಿನ ಬಳಿ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಹಿಡಿದು, ಕಾವಲಿಟ್ಟು, ಹಿಡಿದ ಮೀನನ್ನು ವಾಪಸ್ ಬಿಡಬೇಕೆಂಬ ಷರತ್ತಿನಲ್ಲಿ ಪರವಾನಗಿ ಕೊಡುತ್ತಾ ಬಂದಿತು. ಕಾವಲಿದ್ದ ಕಡೆ ತೋಟೆಯವರಿಗೆ ಅಂಜಿಕೆ ಇರುತ್ತದೆ. ಗಾಳದವರನ್ನೇ ಹೊಳೆಯಿಂದ ಹೊರಗಿಟ್ಟರೆ ಮೀನು ಉಳಿದೀತು ಎಂಬ ವಾದ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ನೀರಿನ ಮಾತು ಬೇರೆಯೇ ಇದೆ. ಕಾಫಿ ಕೊಯ್ಲು ಮತ್ತು ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ನಡೆಯುವುದು ನವೆಂಬರಿನಿಂದ ಫೆಬ್ರವರಿವರೆಗೆ, ಹೊಳೆ ದಿನದಿನಕ್ಕೂ ಇಳಿಯುವ ಕಾಲ. ಹಣ್ಣಿನ ಲೋಳೆಯ ಸಕ್ಕರೆ ತುಂಬಿದ ನೀರು ತೋಡು ಸೇರಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಕಲ್ಲುಗಳ ನಡುವೆ ನೊರೆಯೆದ್ದು ಹರಿಯುವ ನೀರೇ ಬೇಕೆನ್ನುವ ಮೀನು ಅಲ್ಲಿ ನಿಲ್ಲುವುದಿಲ್ಲ. ಗುಂಡಿ ತೋಡಿ ಆ ನೀರನ್ನು ತಡೆದಿಟ್ಟುಕೊಳ್ಳುವ ತೋಟಗಳಿವೆ, ರಾತ್ರಿ ತೋಡಿಗೆ ಬಿಡುವವರೂ ಇದ್ದಾರೆ. ಇದರ ಮೇಲೆ 2018ರ ಆಗಸ್ಟಿನ ಭೂಕುಸಿತ ಬಂತು. ಗುಡ್ಡಗಳ ಮಣ್ಣು ತೋಡು, ಹೊಳೆಗಳಿಗೆ ಇಳಿಯಿತು. ಮಹಶೀರ್ ಮೊಟ್ಟೆ ಕೂರುವುದು ಜಲ್ಲಿಕಲ್ಲಿನ ಸಂದಿಯಲ್ಲಿ. ಸಂದಿ ಕೆಸರಿನಿಂದ ಮುಚ್ಚಿದರೆ ಮೊಟ್ಟೆಗೆ ಉಸಿರಿಲ್ಲ.

ಕೊಡಗಿನ ಗಡಿ ದಾಟಿದರೆ ಕೆಳಗೆ ಹಾಸನ ಜಿಲ್ಲೆಯ ರಾಮನಾಥಪುರ. ಅಲ್ಲಿಯ ವಹ್ನಿಪುಷ್ಕರಿಣಿಯಲ್ಲಿ ಮಹಶೀರ್‌ಗಳು ದೇವರ ಮೀನು. ಭಕ್ತರು ಮಂಡಕ್ಕಿ ಎರಚುತ್ತಾರೆ, ಗಾಳ ಯಾರೂ ಹಾಕುವುದಿಲ್ಲ. ಇಲ್ಲಿ ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯ ಮಹಶೀರ್ ಮರಿ ಕೇಂದ್ರವಿದೆ. ಅಲ್ಲಿಂದಾಗಲಿ ಬೇರೆಲ್ಲಿಂದಾಗಲಿ ಇನ್ನು ಮುಂದೆ ಹೊಳೆಗೆ ಮರಿ ಬಿಡುವ ಮೊದಲು ಅದು ಯಾವ ಪ್ರಭೇದ, ಯಾವ ಕಣಿವೆಯದು ಎಂದು ಕೇಳಲೇಬೇಕು. ಗಾಳ ಹಾಕುವವರಿಗೂ ಒಂದು ಮಾತು: ಮೀನನ್ನು ನೀರಿಗೆ ಬಿಡುವ ಮೊದಲು ತಲೆಯ ಹಿಂದಿನ ಗೂನು ಮತ್ತು ರೆಕ್ಕೆಯ ಬಣ್ಣ ಕಾಣುವಂತೆ ಒಂದು ಫೋಟೋ ತೆಗೆಯಿರಿ, ದಿನಾಂಕ, ಜಾಗ ಬರೆದಿಡಿ. ಕಿತ್ತಳೆ ರೆಕ್ಕೆ ಕಂಡರಂತೂ ಅದನ್ನು ನೀರಿನಿಂದ ಮೇಲೆತ್ತಲೇಬೇಡಿ.