ಬೋರ್ಡೋ ಡ್ರಮ್ಮಿನಿಂದ ಕಾರ್ಖಾನೆಯವರೆಗೆ: ರಾಸಾಯನಿಕ ಅಪಾಯ ಗುರುತಿಸುವುದು

ಮಳೆಗಾಲಕ್ಕೆ ಮುಂಚೆ ನಮ್ಮ ಕೊಡಗಿನ ತೋಟಗಳಲ್ಲಿ ಕಾಫಿಗೆ, ಮೆಣಸಿನ ಬಳ್ಳಿಗೆ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವುದನ್ನು ನೋಡಿಯೇ ಇರುತ್ತೀರಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ರಾಸಾಯನಿಕ ಅಪಾಯ ಗುರುತಿಸುವ ಪಾಠ ನನ್ನ ತಲೆಗೆ ಹತ್ತಿದ್ದು ಆ ಸುಣ್ಣದಿಂದಲೇ.

ಅರಳದ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕುದಿಯುತ್ತದೆ, ಅಲ್ವಾ? ಕೆಳಗೆ ಒಲೆ ಇಲ್ಲ. ಕ್ರಿಯೆಯೇ ಶಾಖ ಹುಟ್ಟಿಸುತ್ತದೆ. (ಅದು ಕಣ್ಣಿಗೆ ಹಾರಿದರೆ ಏನು ಗತಿ? ಕಲಸುವವರು ಕನ್ನಡಕ ಹಾಕಿದ್ದನ್ನು ನಾನಂತೂ ನೋಡಿಲ್ಲ.) ಈಗ ಬಕೆಟ್ ಬಿಟ್ಟು, ಅದೇ ಆಕಾರದ, ಎತ್ತರ ಅಗಲ ಎರಡೂ ಇಮ್ಮಡಿ ಇರುವ ಡ್ರಮ್ ತಗೊಳ್ಳಿ. ಒಳಗಿನ ಸರಕು 8 ಪಟ್ಟು ಆಯಿತು. ಶಾಖ ಹೊರಬಿಡುವ ಮೈ ಮಾತ್ರ 4 ಪಟ್ಟು. ಲ್ಯಾಬಿನ ಫ್ಲಾಸ್ಕಿನಲ್ಲಿ ಸುಮ್ನೆ ಇದ್ದ ಕ್ರಿಯೆ ಕಾರ್ಖಾನೆಯ ದೊಡ್ಡ ರಿಯಾಕ್ಟರಿನಲ್ಲಿ (ಕ್ರಿಯೆ ನಡೆಸುವ ಪಾತ್ರೆಯಲ್ಲಿ) ಕೈ ಮೀರುವುದು ಹೀಗೆ. ಬಿಸಿ ಏರಿದಂತೆ ಕ್ರಿಯೆ ಇನ್ನೂ ಜೋರಾಗುತ್ತದೆ, ಅದರಿಂದ ಮತ್ತಷ್ಟು ಬಿಸಿ. ಪುಸ್ತಕದಲ್ಲಿ ಇದಕ್ಕೆ ರನ್‌ಅವೇ ರಿಯಾಕ್ಷನ್ ಎನ್ನುತ್ತಾರೆ.

ಹಾಗಾಗಿ ಬಾಟಲಿಯ ಮೇಲಿನ ಚೀಟಿ ಓದಿದರೆ ಅರ್ಧ ಕೆಲಸ ಮಾತ್ರ ಆಯಿತು. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ 1960ರ ದಶಕದಲ್ಲಿ ಬೆಳೆದ, ಅಪಾಯ ಹುಡುಕುವ ಹ್ಯಾಜಾಪ್ ವಿಧಾನ ಉಳಿದರ್ಧಕ್ಕೆ. ಪ್ರತಿ ಪೈಪು, ಪ್ರತಿ ಪಾತ್ರೆಯ ಮುಂದೆ ನಿಂತು ಕೇಳಬೇಕು: ಹರಿವು ಇಲ್ಲದಿದ್ದರೆ? ಜಾಸ್ತಿಯಾದರೆ? ಹಿಂದಕ್ಕೆ ಹರಿದರೆ? ಬೇರೇನೋ ಬೆರೆತರೆ? ಪ್ರತಿಯೊಂದಕ್ಕೂ ಕಾರಣ ಏನು, ಪರಿಣಾಮ ಏನು, ತಡೆಯಲು ಏನಿದೆ ಎಂದು ಬರೆದಿಡಬೇಕು. ಬೇಸರದ ಕೆಲಸವೇ, ಆದರೆ ಒಬ್ಬರೇ ಕೂತು ಮಾಡುವುದಲ್ಲ. ಯಂತ್ರ ನಡೆಸುವವರೂ ಜೊತೆಗಿರಬೇಕು.

'ಬೇರೇನೋ ಬೆರೆತರೆ' ಎನ್ನುವುದಕ್ಕೆ ಭೋಪಾಲ್ ನೆನಪಿರಲಿ. 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೋಸಯನೇಟ್ ಎಂಬ ವಿಷದ ಟ್ಯಾಂಕಿಗೆ ನೀರು ಸೇರಿತು. ಬಿಸಿ ಏರಿ ವಿಷ ಊರಿಗೆ ಹರಡಿತು. ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ಅದಕ್ಕೂ ಮುಂಚೆಯೇ ನಿಲ್ಲಿಸಿದ್ದರು. ತಡೆ ಇದೆ ಎಂದು ಕಾಗದದಲ್ಲಿ ಬರೆದರೆ ಸಾಲದು, ಅದು ಇವತ್ತು ಓಡುತ್ತಿದೆಯೇ ಎಂದೂ ನೋಡಬೇಕು.

ಇನ್ನೊಂದು, ಎಲ್ಲರೂ ಮರೆಯುವುದು: ತಾತ್ಕಾಲಿಕ ರಿಪೇರಿ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಬಿರುಕು ಬಿಟ್ಟ ಒಂದು ರಿಯಾಕ್ಟರ್ ತೆಗೆದು, ಅದರ ಜಾಗಕ್ಕೆ ಬೈಪಾಸ್ ಪೈಪು ಕೂರಿಸಿದ್ದರು. ವರ್ಕ್‌ಶಾಪಿನ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೀಚಿದ್ದೇ ಅದರ ನಕ್ಷೆ. 1974ರ ಜೂನ್ 1ರಂದು ಆ ಪೈಪು ಕಿತ್ತು, ಸುಲಭವಾಗಿ ಹೊತ್ತಿಕೊಳ್ಳುವ ಸೈಕ್ಲೋಹೆಕ್ಸೇನ್ ಸೋರಿ ಸ್ಫೋಟವಾಯಿತು. 28 ಜನ ಸತ್ತರು. ಪರೀಕ್ಷೆಯಲ್ಲಿ ಇದು ಬಂದರೆ ಸೈಕ್ಲೋಹೆಕ್ಸೇನಿನ ಗುಣ ಆಮೇಲೆ ಬರೆಯಿರಿ, ಮೊದಲು ಆ ಪೈಪಿನ ಕತೆ ಬರೆಯಿರಿ.