ಲಾಂಜರೋಟೆಯ ಕರಿ ಹೊದಿಕೆ

ನೆಲದಲ್ಲಿ ಹುಗಿದ ಪೈಪಿಗೆ ಒಂದು ಬಕೆಟ್ ನೀರು ಸುರಿಯುತ್ತಾರೆ. ಎರಡು ಮೂರು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಭುಸ್ಸೆಂದು ಆಳೆತ್ತರ ಮೀರಿ ಹಬೆ ಚಿಮ್ಮುತ್ತದೆ, ಸುತ್ತ ನಿಂತವರು ಕಿರುಚಿ ಹಿಂದಕ್ಕೆ ಜಿಗಿಯುತ್ತಾರೆ. ಅಟ್ಲಾಂಟಿಕ್ ಸಾಗರದ ಲಾಂಜರೋಟೆ ದ್ವೀಪದ ಯಾವ ಪ್ರವಾಸಿ ವೀಡಿಯೊ ನೋಡಿದರೂ ಈ ದೃಶ್ಯ ಇದ್ದೇ ಇರುತ್ತದೆ. ಪಕ್ಕದ ಗುಂಡಿಗೆ ಒಣ ಮುಳ್ಳುಕಂಟಿ ತುರುಕಿದರೆ ಬೆಂಕಿಕಡ್ಡಿ ಗೀರದೆಯೇ ಹತ್ತಿಕೊಳ್ಳುತ್ತದೆ. ಅಲ್ಲಿನ ಹೋಟೆಲಿನ ಹೆಸರು ಎಲ್ ದಿಯಾಬ್ಲೊ, ಅಂದರೆ ಸೈತಾನ. ಅಲ್ಲಿ ಕೋಳಿ ಬೇಯುವುದೂ ನೆಲದ ಕಾವಿನಲ್ಲೇ.

ಇದು ತಿಮಾನ್‌ಫಾಯಾ ರಾಷ್ಟ್ರೀಯ ಉದ್ಯಾನ. ಕಾಲ ಕೆಳಗೇ ಲಾವಾ ಕುದಿಯುತ್ತಿದೆ ಎಂದುಕೊಂಡು ಎಷ್ಟೋ ಜನ ಭಯಪಡುತ್ತಾರೆ. ಹಾಗೇನಿಲ್ಲ. ಆಳದಲ್ಲಿ ಇನ್ನೂ ಆರದ ಕಾವು ಬಿಸಿ ಅನಿಲವಾಗಿ ಬಿರುಕುಗಳ ಮೂಲಕ ಮೇಲೆ ಬರುತ್ತದೆ, ಅಷ್ಟೇ. 13 ಮೀಟರ್ ಆಳಕ್ಕೆ ಹೋದರೆ ಕೆಲವು ಕಡೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಇದೆ. ನೀರು ಹಬೆಯಾದರೆ ಸುಮಾರು 1,700 ಪಟ್ಟು ಜಾಗ ಬೇಕು. ಇಕ್ಕಟ್ಟಾದ ಪೈಪಿನಲ್ಲಿ ಅದಕ್ಕೆ ಇರುವ ದಾರಿ ಒಂದೇ, ಮೇಲಕ್ಕೆ. ನಮ್ಮ ಕುಕ್ಕರಿನ ವಿಷಲ್ ಕೂಡ ಇದೇ ಲೆಕ್ಕ.

ನೋಡಿ, ಚಪ್ಪಾಳೆ ತಟ್ಟಿ. ಆದರೆ ಆ ದ್ವೀಪದ ನಿಜವಾದ ಚಮತ್ಕಾರ ನೋಡಬೇಕಾದರೆ ಲಾ ಹೇರಿಯಾ ಎಂಬ ಬಯಲಿಗೆ ಹೋಗಬೇಕು. ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಹರಳು, ಅಂದರೆ ಜ್ವಾಲಾಮುಖಿ ಉಗುಳಿದ ಪುಡಿಗಲ್ಲು. ಅದರಲ್ಲಿ ಸಾವಿರಾರು ಗುಂಡಿಗಳು, ಒಂದೊಂದು ಗುಂಡಿಯ ಅಂಚಿಗೆ ಅರ್ಧಚಂದ್ರದಂತೆ ಕಲ್ಲಿನ ಗೋಡೆ, ತಳದಲ್ಲಿ ಹಸಿರು ದ್ರಾಕ್ಷಿ ಬಳ್ಳಿ. ವರ್ಷಕ್ಕೆ ಬೀಳುವ ಮಳೆ ಸುಮಾರು 150 ಮಿಲಿಮೀಟರ್. ನಮ್ಮಲ್ಲಿ ಬರಪೀಡಿತ ಎನ್ನುವ ತಾಲ್ಲೂಕುಗಳಲ್ಲೂ ಇದಕ್ಕಿಂತ ಜಾಸ್ತಿ ಮಳೆಯಾಗುತ್ತದೆ.

ಈ ಬಯಲು ಹುಟ್ಟಿದ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. 1730ರ ಸೆಪ್ಟೆಂಬರ್ 1ರ ರಾತ್ರಿ, ಒಂಬತ್ತರಿಂದ ಹತ್ತು ಗಂಟೆಯ ನಡುವೆ, ತಿಮಾನ್‌ಫಾಯಾ ಹಳ್ಳಿಯ ಹತ್ತಿರ ಭೂಮಿ ಬಿರಿಯಿತು. ಯಾಯ್ಸಾ ಊರಿನ ಪಾದ್ರಿ ಆಂದ್ರೆಸ್ ಲೊರೆಂಜೊ ಕುರ್ಬೆಲೊ ಕಂಡದ್ದನ್ನೆಲ್ಲ ಬರೆದಿಟ್ಟರು. ಊರುಗಳ ಮೇಲೆ ಹರಿದ ಲಾವಾ, ವಿಷಗಾಳಿಗೆ ಉಸಿರುಕಟ್ಟಿ ಸತ್ತ ದನಕರು, ದಡಕ್ಕೆ ತೇಲಿಬಂದ ಸತ್ತ ಮೀನು, ಎಲ್ಲವೂ ಅದರಲ್ಲಿದೆ. ಕೊನೆಗೆ ಆ ಪಾದ್ರಿಯೂ ಊರು ಬಿಟ್ಟರು. ಸ್ಫೋಟ ನಿಂತದ್ದು 1736ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ದ್ವೀಪದ ಸುಮಾರು ಕಾಲು ಭಾಗ ಲಾವಾದ ಕೆಳಗೆ ಹೋಗಿತ್ತು.

ಮಂಚಾ ಬ್ಲಾಂಕಾ ಊರಿನವರು ಮೇರಿ ಮಾತೆಯ ಮೆರವಣಿಗೆ ತೆಗೆದದ್ದರಿಂದ ಲಾವಾ ಊರ ಬಾಗಿಲಲ್ಲೇ ನಿಂತಿತು ಎಂಬ ನಂಬಿಕೆ ಇದೆ. ಇವತ್ತಿಗೂ ಸೆಪ್ಟೆಂಬರ್ ಬಂತೆಂದರೆ ಅಲ್ಲಿ ಜಾತ್ರೆ. ಜಾತ್ರೆ ಚೆನ್ನಾಗಿಯೇ ನಡೆಯಲಿ. ಆದರೆ ಲಾವಾದಲ್ಲಿ ಮುಳುಗಿದ ಊರುಗಳ ಜನ ದೇವರಿಗೆ ಮೊರೆಯಿಡದೆ ಸುಮ್ನೆ ಕೂತಿರಲಿಲ್ಲ, ಅಲ್ವಾ? ಹಿಂದಿನಿಂದ ಬರುವ ಲಾವಾ ಕಡಿಮೆಯಾಗಿ ಮುಂದಿನ ಅಂಚು ಆರಿ ಗಟ್ಟಿಯಾದರೆ ಅದು ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಲ್ಲೊಂದು ಕಥೆ ಹುಟ್ಟುತ್ತದೆ.

ಈಗ ದ್ರಾಕ್ಷಿಗೆ ಬರೋಣ. ‘ಜ್ವಾಲಾಮುಖಿಯ ಬೂದಿ ಫಲವತ್ತಾದ ಮಣ್ಣು, ಅದಕ್ಕೇ ಬಳ್ಳಿ ಹುಲುಸಾಗಿದೆ’ ಎಂದು ಪ್ರವಾಸಿಗಳು ತಲೆಯಾಡಿಸುತ್ತಾರೆ. ಶುದ್ಧ ತಪ್ಪು. ಆ ಕಪ್ಪು ಹರಳಿನಲ್ಲಿ ಸಾರಜನಕ ಇಲ್ಲವೆಂದೇ ಹೇಳಬೇಕು. ಅದು ಮಣ್ಣಾಗಬೇಕಾದರೆ ಇನ್ನೂ ಬಹಳ ಕಾಲ ಹಿಡಿಯುತ್ತದೆ. ನಮ್ಮ ವಿಜಯಪುರದ ಎರೆಮಣ್ಣು ಇದೇ ಜಾತಿಯ ಕಲ್ಲು, ಬಸಾಲ್ಟ್, ಕೊಳೆತು ಆದದ್ದು. ಆದರೆ ಆ ಲಾವಾ ಹರಿದು ಆರೂವರೆ ಕೋಟಿ ವರ್ಷ ಆಯಿತು. ಲಾಂಜರೋಟೆಯ ಹರಳಿಗೆ ಇನ್ನೂ ಮುನ್ನೂರು ತುಂಬಿಲ್ಲ. ಬಳ್ಳಿಯ ಬೇರು ಇರುವುದು ಹರಳಿನ ಕೆಳಗೆ ಮುಚ್ಚಿಹೋದ ಹಳೆಯ ಹೊಲದ ಮಣ್ಣಿನಲ್ಲಿ. ಅದನ್ನು ಮುಟ್ಟಲಿಕ್ಕೇ ರೈತರು ಎರಡು ಮೂರು ಮೀಟರ್ ಗುಂಡಿ ತೋಡಿದ್ದು.

ಹಾಗಾದರೆ ಹರಳಿನ ಕೆಲಸವೇನು? ಮುಚ್ಚಳದ ಕೆಲಸ.

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಏರಿಸುತ್ತದೆ. ಪಂಚೆಯ ಅಂಚು ನೀರಿಗೆ ತಾಗಿದರೆ ಮೊಣಕಾಲಿನ ತನಕ ಒದ್ದೆ. ಚಹಾಕ್ಕೆ ತುದಿ ಅದ್ದಿದ ಬಿಸ್ಕತ್ತು ನಿಮ್ಮ ಬೆರಳಿನ ತನಕ ನೆನೆಯುತ್ತದೆ. ಸಣ್ಣ ಸಂದಿ ಸಿಕ್ಕರೆ ನೀರು ಗೋಡೆ ಹಿಡಿದುಕೊಂಡು ಏರುತ್ತದೆ. ಸಂದಿ ಸಣ್ಣದಾದಷ್ಟೂ ಏರುವ ಎತ್ತರ ಜಾಸ್ತಿ. ಸಂದಿಯನ್ನು ಒಂದು ಕೊಳವೆ ಎಂದುಕೊಳ್ಳಿ. ತ್ರಿಜ್ಯ ಒಂದು ಮಿಲಿಮೀಟರ್ ಇದ್ದರೆ ನೀರು ಏರುವುದು ಬರೀ 15 ಮಿಲಿಮೀಟರ್. ಅದರ ನೂರನೇ ಒಂದು ಭಾಗವಾದರೆ ಒಂದೂವರೆ ಮೀಟರ್! ಮಣ್ಣಿನ ತುಂಬ ಇಂಥ ಸಣ್ಣ ಸಂದಿಗಳೇ. ಹಾಗಾಗಿ ಬರಿಯ ಹೊಲ ಎಂದರೆ ಲಕ್ಷಾಂತರ ಬತ್ತಿಗಳು ಒಟ್ಟಿಗೆ ಉರಿದಂತೆ. ಒಳಗಿನ ತೇವ ಏರುತ್ತಲೇ ಇರುತ್ತದೆ, ಬಿಸಿಲು ಕುಡಿಯುತ್ತಲೇ ಇರುತ್ತದೆ.

ಆ ಮಣ್ಣಿನ ಮೇಲೆ ದಪ್ಪ ಹರಳು ಹಾಸಿ. ಹರಳುಗಳ ನಡುವಿನ ಸಂದಿ ದೊಡ್ಡದು. ಮೇಲಿನಿಂದ ಬಂದ ಮಳೆ ಮಂಡಕ್ಕಿ ರಾಶಿಯ ಮೇಲೆ ಸುರಿದ ಹಾಗೆ ಸರಸರ ಕೆಳಗಿಳಿಯುತ್ತದೆ, ಒಂದು ಹನಿಯೂ ಹರಿದು ಹೋಗುವುದಿಲ್ಲ. ಆದರೆ ಕೆಳಗಿನ ನೀರು ಮೇಲೇರಲು ಹೋದರೆ ಏಣಿಯ ಮೆಟ್ಟಿಲೇ ಇಲ್ಲ! ಬತ್ತಿ ತುಂಡಾಗಿದೆ. ಆವಿಯಾಗಿ ಮಾತ್ರ ಹೊರಬರಬೇಕು, ಅಲುಗಾಡದ ಗಾಳಿಯಲ್ಲಿ ಅದು ತೀರಾ ನಿಧಾನ. ಹರಳು ರಾತ್ರಿ ಇಬ್ಬನಿ ಹೀರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇಬ್ಬನಿಯೂ ಚೂರುಪಾರು ಸೇರಬಹುದು. ಆದರೆ ಬಳ್ಳಿಯನ್ನು ಉಳಿಸುವುದು ಹೊಸದಾಗಿ ಬಂದ ನೀರಿಗಿಂತ ಹೆಚ್ಚಾಗಿ ಹೊರಗೆ ಹೋಗದ ನೀರು.

ವಿಜಯಪುರದ ಕಡೆ ಹಿಂಗಾರು ಜೋಳದಲ್ಲಿ ಎಡೆಕುಂಟೆ ಹೊಡೆಯುವುದನ್ನು ನೋಡಿದ್ದೀರಾ? ಕಳೆ ತೆಗೆಯುವುದರ ಜೊತೆಗೆ ಅಲ್ಲಿಯೂ ಇದೇ ಉಪಾಯ. ಮೇಲಿನ ಮಣ್ಣು ಸಡಿಲಾಗಿ ಪುಡಿಯಾಗುತ್ತದೆ, ಬಿರುಕು ಮುಚ್ಚುತ್ತದೆ, ಬತ್ತಿ ಕಡಿಯುತ್ತದೆ. ಲಾಂಜರೋಟೆಯವರಿಗೆ ಆ ಕೆಲಸವನ್ನು ಜ್ವಾಲಾಮುಖಿಯೇ ಮಾಡಿಕೊಟ್ಟಿತು. ಹರಳು ಬೀಳದ ಕಡೆಯ ರೈತರು ಇದನ್ನು ನೋಡಿ ಕಲಿತರು, ಬೇರೆಡೆಯಿಂದ ಹರಳು ಹೊತ್ತುತಂದು ಹೊಲಕ್ಕೆ ಹಾಸಿದರು. ಗುಂಡಿಯ ಗೋಡೆ ಮಾತ್ರ ನೀರಿಗಲ್ಲ, ಬಿಡುವಿಲ್ಲದೆ ಬೀಸುವ ವಾಣಿಜ್ಯ ಮಾರುತಕ್ಕೆ.

ಇಲ್ಲಿ ಟ್ರ್ಯಾಕ್ಟರ್ ಇಳಿಸುವ ಹಾಗಿಲ್ಲ. ಒಂದೊಂದು ಗುಂಡಿಗೂ ಮನುಷ್ಯರೇ ಇಳಿದು ಗೊಂಚಲು ಕೊಯ್ಯಬೇಕು. ನೀವು ಹೋದರೆ ಫೋಟೊಗೆಂದು ಗುಂಡಿಯ ಇಳಿಜಾರಿನಲ್ಲಿ ಕಾಲಿಡಬೇಡಿ, ಹರಳು ಜಾರಿ ಬಳ್ಳಿಯ ಬುಡ ಸೇರುತ್ತದೆ. ಅದಕ್ಕಿಂತ ದೊಡ್ಡ ಶತ್ರು ಗಾಳಿಯಲ್ಲಿ ಬರುತ್ತದೆ. ಆಫ್ರಿಕಾದ ತೀರ ಅಲ್ಲಿಂದ ಸುಮಾರು 130 ಕಿಲೋಮೀಟರ್ ಅಷ್ಟೇ. ಸಹಾರಾದ ನುಣ್ಣನೆ ಧೂಳು ಹಾರಿಬಂದು ಹರಳಿನ ಸಂದಿಗಳಲ್ಲಿ ಕೂರುತ್ತದೆ. ದೊಡ್ಡ ಸಂದಿ ಮತ್ತೆ ಸಣ್ಣದಾಗುತ್ತದೆ, ಕಡಿದ ಬತ್ತಿ ಮತ್ತೆ ಕೂಡಿಕೊಳ್ಳುತ್ತದೆ. ಆಗ ರೈತರು ಹಳೆಯ ಹರಳು ತೆಗೆದು ಹೊಸದು ಹಾಸುತ್ತಾರೆ.