ಬ್ಯಾಕಿಂಗ್ ಕೋಟ್: ಆರ್‌ಸಿ ಕಾರಿನ ಬಾಡಿಯ ಮೇಲೆ ಕೊನೆಯಲ್ಲಿ ಬೀಳುವ ಬಣ್ಣ

ಆರ್‌ಸಿ ಕಾರು, ಅಂದರೆ ರಿಮೋಟಿನಿಂದ ಓಡಿಸುವ ಪುಟ್ಟ ಕಾರಿನ, ಪಾರದರ್ಶಕ ಬಾಡಿಯ (ಹೊರಕವಚದ) ಮೇಲೆ ಒಳಗಿನಿಂದ ಕಟ್ಟಕಡೆಗೆ ಹೊಡೆಯುವ ಪದರವೇ ಬ್ಯಾಕಿಂಗ್ ಕೋಟ್. ಸಾಮಾನ್ಯವಾಗಿ ಬಿಳಿ, ಬೆಳ್ಳಿ ಇಲ್ಲವೇ ಕಪ್ಪು. ಹೊರಗಿನಿಂದ ಅದು ನೇರವಾಗಿ ಕಾಣುವುದಿಲ್ಲ, ಆದರೆ ಕಾಣುವ ಬಣ್ಣ ಹೇಗಿರಬೇಕು ಅನ್ನುವುದು ಅದರ ಕೈಯಲ್ಲೇ ಇದೆ.

ಈ ಬಾಡಿಗಳು ಪಾಲಿಕಾರ್ಬೊನೇಟ್ ಎಂಬ ಬಾಗುವ ಪ್ಲಾಸ್ಟಿಕ್ ಹಾಳೆಯವು, ಹೆಚ್ಚಿನವು 1 ಮಿ.ಮೀ.ಗಿಂತ ತೆಳು. ಹೊರಗೆ ಬಣ್ಣ ಹೊಡೆದರೆ ಒಂದೆರಡು ಪಲ್ಟಿಯಲ್ಲೇ ಕೆರೆದುಹೋಗುತ್ತದೆ. ಹಾಗಾಗಿ ಹಳೇ ಮನೆಗಳ ದೇವರ ಗಾಜಿನ ಚಿತ್ರದಂತೆ ಇಲ್ಲೂ ಕೆಲಸವೆಲ್ಲ ಹಿಂಬದಿಯಿಂದ, ಕ್ರಮವೂ ತಿರುಗಾಮುರುಗಾ: ಮುಂದೆ ಕಾಣಬೇಕಾದ್ದು ಮೊದಲು, ಹಿನ್ನೆಲೆ ಕೊನೆಗೆ. ಮೊದಲ ಪದರದ ತಪ್ಪನ್ನು ಮೇಲಿಂದ ಇನ್ನೆಷ್ಟು ಹೊಡೆದರೂ ಮುಚ್ಚಲಾಗದು.

ಪಾಲಿಕಾರ್ಬೊನೇಟ್ ಬಣ್ಣಗಳು ಅಷ್ಟಿಷ್ಟು ಬೆಳಕು ಬಿಡುತ್ತವೆ. ಕೆಂಪಿನ ಹಿಂದೆ ಬಿಳಿ ಇದ್ದರೆ ಕೆಂಪು ಎದ್ದು ಹೊಡೆಯುತ್ತದೆ, ಕಪ್ಪು ಇದ್ದರೆ ಮರೂನಿಗೆ ತಿರುಗುತ್ತದೆ. ಫ್ಲೋರೊಸೆಂಟ್ ಬಣ್ಣಗಳಿಗೆ ಬಿಳಿ ಬಿಟ್ಟು ಬೇರೆ ಗತಿಯಿಲ್ಲ. ಜಪಾನಿನ ಮಾಡೆಲ್ ಕಂಪನಿ ಟಮಿಯಾ ಪಾಲಿಕಾರ್ಬೊನೇಟಿಗೆಂದೇ ಮಾಡುವ ಪಿಎಸ್ ಸ್ಪ್ರೇಗಳಲ್ಲಿ ಪಿಎಸ್-1 ಬಿಳಿ, ಪಿಎಸ್-5 ಕಪ್ಪು, ಪಿಎಸ್-12 ಬೆಳ್ಳಿ. ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ ಅನ್ನುವುದಕ್ಕೂ ಕಾರಣ ಇದೇ. ಹಳದಿ ಮೊದಲು ಹೊಡೆಯಲೇಬೇಕಾದರೆ ಅದರ ಬೆನ್ನಿಗೆ ಬಿಳಿ ಕೊಟ್ಟು, ಒಣಗಿದ ಮೇಲೆ ಕಪ್ಪು. ಅನುಮಾನವಿದ್ದರೆ ಚಕ್ರದ ಜಾಗದಿಂದ ಕತ್ತರಿಸಿ ಬಿಸಾಡುವ ತುಂಡಿನ ಮೇಲೆ ನೋಡಿಕೊಳ್ಳಿ.

ಎಡವುವುದು ಹೆಚ್ಚಾಗಿ ಬಿಳಿ ಹೊಡೆಯುವಾಗಲೇ. ಕೆಲಸ ಮುಗಿಯಿತು ಎಂಬ ಆತುರದಲ್ಲಿ ಒದ್ದೆಯಾಗಿ ಹೊಡೆದರೆ ಅದರ ದ್ರಾವಕ ಹಿಂದಿನ ಕೆಂಪನ್ನು ಮತ್ತೆ ಕರಗಿಸುತ್ತದೆ. ಹೊರಗಿನಿಂದ ನೋಡಿದರೆ ಕೆಂಪಿನ ನಡುವೆ ಗುಲಾಬಿ ಮೋಡ. 20–25 ಸೆಂ.ಮೀ. ದೂರದಿಂದ ಮಂಜಿನಂತೆ ಎರಡು ಮೂರು ಸಲ, ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು ಹೊಡೆಯಿರಿ. ಕಿಟಕಿಗೆ ಬಣ್ಣ ತಾಗದಂತೆ ಅಂಟಿಸುವ ಮಾಸ್ಕಿನ ಅಂಚಿಗೂ ಮೊದಲು ಇಂಥದ್ದೇ ತೆಳು ಪದರ ಸಾಕು. ದಪ್ಪವಾಗಿ ಹೊಡೆದರೆ ಬಣ್ಣ ಟೇಪಿನಡಿ ನುಸುಳುತ್ತದೆ.

ಇಷ್ಟಕ್ಕೂ ಮೊದಲು ಬಾಡಿಯ ಒಳಭಾಗಕ್ಕೆ ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರು. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಚಕ್ಕೆಯಾಗಿ ಏಳುತ್ತದೆ. ಚಿತ್ರದುರ್ಗದ ಗಡಸು ಬೋರ್‌ವೆಲ್ ನೀರು ಒಣಗಿದಾಗ ಬಿಡುವ ಬಿಳಿ ಚುಕ್ಕೆಗಳು ಬಣ್ಣದಡಿ ಸಿಕ್ಕಿಕೊಂಡರೆ ಮುಗಿಯಿತು, ಆದ್ದರಿಂದ ಕೊನೆಯ ತೊಳೆತ ಫಿಲ್ಟರ್ ನೀರಲ್ಲಿ. ಗಾಳಿಯಂತ್ರ ತಿರುಗುವ ಊರಿನಲ್ಲಿ ತಾರಸಿ ಮೇಲೆ ಸ್ಪ್ರೇ ಮಾಡುವ ಆಸೆಯೂ ಬೇಡ. ಗಾಳಿಯಾಡುವ, ಆದರೆ ಗಾಳಿ ನುಗ್ಗದ ವರಾಂಡ ನೋಡಿ. ಮುಖಕ್ಕೆ ಆವಿ ತಡೆಯುವ ಮಾಸ್ಕ್ ಇರಲಿ. ಮಳೆಗಾಲದ ತೇವದಲ್ಲಿ ಬಣ್ಣ ಹಾಲುಹಾಲಾಗುತ್ತದೆ, ಬಿಸಿಲಿರುವ ದಿನಕ್ಕೆ ಕಾಯಿರಿ.

ದಾವಣಗೆರೆಯ ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವ ಬೈಕ್ ಟಚಪ್ ಸ್ಪ್ರೇಯನ್ನು ಬ್ಯಾಕಿಂಗಿಗೆ ಬಳಸಿದರೆ ಏನು, ಹೇಗೂ ಒಳಗಲ್ಲವೇ ಎಂದು ಕೇಳುವವರಿದ್ದಾರೆ. ಬೇಡ. ಅದು ಬಾಡಿಯ ಜೊತೆ ಬಾಗುವುದಿಲ್ಲ, ಮೊದಲ ಡಿಕ್ಕಿಗೇ ಬಿರಿದು ಮುಂದಿನ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಅದರ ಥಿನ್ನರ್ ಪ್ಲಾಸ್ಟಿಕ್ಕಿಗೆ ತಾಗಿದರೆ ಸಣ್ಣ ಸಣ್ಣ ಬಿರುಕು ಬೇರೆ. ಟಮಿಯಾದ್ದೇ ಆದ ಟಿಎಸ್ ಸ್ಪ್ರೇ ಕೂಡ ಗಟ್ಟಿ ಪ್ಲಾಸ್ಟಿಕ್ಕಿಗೆ ಮಾಡಿದ್ದು, ಇಲ್ಲಿ ನಿಲ್ಲದು.

ಬಿಳಿಯ ಮೇಲೆ ಒಂದು ತೆಳು ಕಪ್ಪು ಹೊಡೆಯುವುದು ಒಳ್ಳೆಯದು. ಒಳಗಿನ ವೈರು, ಬ್ಯಾಟರಿಯ ನೆರಳು ಕಾಣುವುದಿಲ್ಲ, ಟೈರ್ ಉಜ್ಜಿದ ಗುರುತೂ ಮರೆಯಾಗುತ್ತದೆ. ರೇಸಿಗೆ ತೂಕ ಲೆಕ್ಕ ಹಾಕುವವರು ಮಾತ್ರ ಇದನ್ನು ಬಿಡಬಹುದು. ಒಂದು ದಿನ ಒಣಗಿಸಿ, ಕಿಟಕಿಯ ಮಾಸ್ಕ್ ತೆಗೆದು, ಹೊರಗಿನ ರಕ್ಷಣಾ ಫಿಲ್ಮನ್ನು ಎಲ್ಲಕ್ಕಿಂತ ಕೊನೆಗೆ ಸುಲಿಯಿರಿ.